ಸಂಪಾದಕರ ಉತ್ತರ: ಅಕ್ಕೋರೆ, ಗೆಳತಿ ಅಂಕ ಕೊಡೋದಿಲ್ಲ

ಸಿಂಧನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಅಕ್ಕೋರೊಬ್ಬರು ಇನ್‌ಲ್ಯಾಂಡ್ ಲೆಟರಿನಲ್ಲಿ ನಮಗೆ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಪತ್ರದ ಮುಖ್ಯ ಭಾಗ ಇದು:

"ಪ್ರತಿ ವರ್ಷ ಹತ್ತನೇ ತರಗತಿಗೆ ‘ಗೆಳತಿಗೆ ಪತ್ರ’ ಹೇಳಿಕೊಡುತ್ತೇನೆ. ನನಗೇ ಒಂದು ಬರೆಯಲು ಆಗುತ್ತಿಲ್ಲ. ಬಳ್ಳಾರಿಯಲ್ಲಿ ಬಿ.ಎಡ್ ಮಾಡುವಾಗ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಗೆಳತಿ ಈಗ ಪುಣೆಯಲ್ಲಿದ್ದಾಳೆ. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ, ಹಬ್ಬದ ಶುಭಾಶಯ, ಇಷ್ಟೇ ನಮ್ಮ ಮಾತು. ಹೋದ ವರ್ಷ ಅವಳ ತಾಯಿ ತೀರಿಕೊಂಡರು. ಗ್ರೂಪಿನಲ್ಲಿ ಎಲ್ಲರೂ ಹಾಕಿದ ಹಾಗೆ ನಾನೂ ಕೈ ಮುಗಿದ ಚಿತ್ರ ಹಾಕಿ ‘ಓಂ ಶಾಂತಿ’ ಎಂದೆ. ಅದು ಇನ್ನೂ ಕೊರೆಯುತ್ತಿದೆ. ಸರಿಯಾಗಿ ಒಂದು ಪತ್ರ ಬರೆಯೋಣ ಎಂದು ಕೂತರೆ ‘ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮದ ಬಗ್ಗೆ ತಿಳಿಸು’ ಎನ್ನುವಲ್ಲಿಗೆ ಪೆನ್ನು ನಿಲ್ಲುತ್ತದೆ. ಕಾಗದವೋ, ಇಮೇಲೋ? ಪುಸ್ತಕದ ಭಾಷೆಯೋ, ಆಡುಮಾತೋ? ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಏನಂತ ಹೇಳಲಿ? ಉತ್ತರವೇ ಬರದಿದ್ದರೆ?"

ಅಕ್ಕೋರೆ,

ಪತ್ರ ಬರೆಯಲು ಆಗುತ್ತಿಲ್ಲ ಎಂದು ಹೇಳಲಿಕ್ಕೆ ನೀವು ಇನ್‌ಲ್ಯಾಂಡಿನ ಒಳಗನ್ನು ಪೂರ್ತಿ ತುಂಬಿಸಿದ್ದೀರಿ. ಮಡಚುವ ತುದಿಯನ್ನೂ ಬಿಟ್ಟಿಲ್ಲ. ಜಾಗ ಸಾಲದೆ ಕೊನೆಯ ಮಾತನ್ನು ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀರಿ, ಕಾಗದ ತಿರುಗಿಸಿ ಓದಿದೆ. "ಮೊನ್ನೆ ಬಸ್‌ಸ್ಟ್ಯಾಂಡ್ ಹತ್ರ ಒಗ್ಗರಣಿ ಮಿರ್ಚಿ ತಿನ್ನುವಾಗ ಅಕಿ ನೆನಪಾದ್ಲು. ಮಿರ್ಚಿ ಮ್ಯಾಲಿನ ಹಿಟ್ಟಷ್ಟ ತಿಂದು, ಒಳಗಿನ ಮೆಣಸಿನಕಾಯಿ ಎಲ್ಲಾ ನನ್ನ ಪ್ಲೇಟಿಗೆ ಹಾಕ್ತಿದ್ಲು."

ನಿಮ್ಮ ಗೆಳತಿಯನ್ನು ನಾನು ನೋಡಿಲ್ಲ. ಹೆಸರೂ ಗೊತ್ತಿಲ್ಲ. ಆದರೂ ಈ ಒಂದು ಮಾತಿನಿಂದ ಅವರ ಗುರುತು ಸಿಕ್ಕಿತು. ಉಳಿದದ್ದೆಲ್ಲ ಸಂಪಾದಕರಿಗೆ ಬರೆದ ಪತ್ರ. ಈ ಸಾಲು ಮಾತ್ರ ಪುಣೆಗೆ ಹೋಗಬೇಕಾದದ್ದು, ದಾರಿ ತಪ್ಪಿ ಬಳ್ಳಾರಿಯ ನಮ್ಮ ಕಚೇರಿಗೆ ಬಂದಿದೆ.

ಪೆನ್ನು ಯಾಕೆ ನಿಲ್ಲುತ್ತದೆ ಅನ್ನೋದಕ್ಕೆ ಕಾರಣ ನಿಮ್ಮ ಕೆಲಸದಲ್ಲೇ ಇದೆ ಅನ್ನಿಸುತ್ತದೆ. ಪರೀಕ್ಷೆಯ ಪತ್ರ ನೋಡಿ. ಮೇಲೆ ಸ್ಥಳ, ದಿನಾಂಕ. ಆಮೇಲೆ ‘ಪ್ರೀತಿಯ ಗೆಳತಿಗೆ’. ನಡುವೆ ವಿಷಯ. ಕೆಳಗೆ ‘ಇಂತಿ ನಿನ್ನ ಪ್ರೀತಿಯ’. ಕೊನೆಗೆ ಹೊರವಿಳಾಸ. ಅದು ತಪ್ಪು ಅಂತಲ್ಲ. ವಿಳಾಸ, ದಿನಾಂಕ ಬರೆಯಲು ಬಾರದ ಹುಡುಗ ನಾಳೆ ಅರ್ಜಿ ಬರೆಯುವುದು ಹೇಗೆ? ಆದರೆ ಆ ಪತ್ರ ಓದುವವರು ಮೌಲ್ಯಮಾಪಕರು. ಅದಕ್ಕೇ ಮಕ್ಕಳು ಹಂಪಿ ಪ್ರವಾಸದ ಬಗ್ಗೆ, ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿದ್ದ ಗೆಳತಿಗೆ, ‘ಕಲ್ಲಿನ ರಥವು ವಿಜಯ ವಿಠ್ಠಲ ದೇವಸ್ಥಾನದ ಆವರಣದಲ್ಲಿದೆ’ ಎಂದು ವಿವರಿಸುತ್ತಾರೆ. ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು, ಯಾರ ಚಪ್ಪಲಿ ಹೊಳೆ ಪಾಲಾಯಿತು ಎಂದು ಬರೆಯುವುದಿಲ್ಲ. ಬರೆದರೆ ಅಂಕ ಹೋಗುತ್ತದೆ. ಅಂಥ ಪತ್ರಗಳನ್ನು ಇಷ್ಟು ವರ್ಷ ತಿದ್ದಿದ ಕೈ ಈಗ ನಿಮ್ಮ ಪತ್ರವನ್ನು ಬರೆಯುವ ಮೊದಲೇ ತಿದ್ದಲು ಕೂತಿದೆ.

ಬರೆದದ್ದು ಸರಿ ಇದೆಯೋ ಇಲ್ಲವೋ ನೋಡಲು ನಾನು ಒಂದೇ ಒಂದು ಉಪಾಯ ಹೇಳುತ್ತೇನೆ. ಪತ್ರದಲ್ಲಿ ಗೆಳತಿಯ ಹೆಸರು ತೆಗೆದು ಬೇರೆ ಯಾರದಾದರೂ ಹೆಸರು ಹಾಕಿ ಓದಿ. ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲಿ ಕೂರುವವರದ್ದೋ, ನಾದಿನಿಯದ್ದೋ. ಹಾಗೆ ಬದಲಿಸಿದರೂ ಪತ್ರ ನಡೆದುಹೋಗುತ್ತದೆ ಅಂದರೆ ಅದು ಇನ್ನೂ ಪತ್ರ ಆಗಿಲ್ಲ. ಗುಡ್ ಮಾರ್ನಿಂಗ್ ಚಿತ್ರ ಯಾರಿಗೆ ಕಳಿಸಿದರೂ ನಡೆಯುತ್ತದೆ. ಆ ಮೆಣಸಿನಕಾಯಿ ಮಾತು ಒಬ್ಬರಿಗೆ ಬಿಟ್ಟು ಇನ್ಯಾರಿಗೂ ನಡೆಯುವುದಿಲ್ಲ.

ಈಗಂತೂ ಫೋನಿಗೆ ಹೇಳಿದರೆ ಅದೇ ಪತ್ರ ಬರೆದುಕೊಡುತ್ತದೆ. ನಮ್ಮ ಕಚೇರಿಗೂ ಅಂಥವು ಬರುತ್ತಿವೆ. ಒಂದು ಕಾಗುಣಿತದ ತಪ್ಪೂ ಇರುವುದಿಲ್ಲ. ‘ಸ್ನೇಹದ ಸುಮಧುರ ಕ್ಷಣಗಳು’ ಮಾತ್ರ ತಪ್ಪದೇ ಇರುತ್ತವೆ. ಫೋನಿಗೆ ನಿಮ್ಮ ಮೆಣಸಿನಕಾಯಿ ವಿಷಯ ಗೊತ್ತಿಲ್ಲ. ನೀವು ಹೇಳಿದರೆ ಬರೆಯುತ್ತದೆ, ಸರಿ. ಆದರೆ ಫೋನಿಗೆ ಅಷ್ಟೆಲ್ಲ ಹೇಳುವ ಬದಲು ಗೆಳತಿಗೇ ಹೇಳಿಬಿಡಬಹುದಲ್ವಾ?

ಹಾಗಂತ ‘ಕ್ಷೇಮ’ವನ್ನು ಗೇಲಿ ಮಾಡುವುದು ಬೇಡ. ಹಿರಿಯರು ‘ಉಭಯ ಕುಶಲೋಪರಿ’ ಎಂದೇ ಶುರು ಮಾಡುತ್ತಿದ್ದದ್ದಕ್ಕೆ ಕಾರಣ ಇತ್ತು. ಓದು ಬಾರದ ಮನೆಗೆ ಕಾರ್ಡು ಬಂದರೆ ಪೋಸ್ಟ್‌ಮ್ಯಾನೋ, ಶಾಲೆಗೆ ಹೋಗುವ ಹುಡುಗನೋ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಬೇಕಿತ್ತು. ಅಲ್ಲಿಯವರೆಗೆ ಮನೆಯವರ ಎದೆ ಡವಗುಟ್ಟುತ್ತಿತ್ತು. ಕಾರ್ಡಿನ ಮೂಲೆ ಹರಿದಿದ್ದರೆ ಸಾವಿನ ಸುದ್ದಿ, ಅರಿಶಿಣ ಹಚ್ಚಿದ್ದರೆ ಮದುವೆಯದ್ದೋ ಬಾಣಂತನದ್ದೋ ಸುದ್ದಿ. ಎರಡೂ ಇಲ್ಲದ ಕಾರ್ಡಿನಲ್ಲಿ ಮೊದಲಿಗೇ ‘ಎಲ್ಲರೂ ಕ್ಷೇಮ’ ಎಂದು ಕಿವಿಗೆ ಬಿದ್ದರೆ ಮುಂದಿನದ್ದನ್ನು ನೆಮ್ಮದಿಯಿಂದ ಕೇಳಬಹುದಿತ್ತು. ಟೆಲಿಗ್ರಾಂ ಬಂದರಂತೂ ಒಡೆಯುವ ಮೊದಲೇ ಅಳು ಶುರು. ಆ ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತೇ ಹೋಯಿತು. ಕ್ಷೇಮ ಸಮಾಚಾರ ಈಗ ಫೋನಿನಲ್ಲಿ ನಿಮಿಷಕ್ಕೆ ಸಿಗುತ್ತದೆ. ದೊಡ್ಡವರಿಗೆ ಬರೆಯುವಾಗ ‘ತೀರ್ಥರೂಪರಿಗೆ’, ‘ಮಾತೋಶ್ರೀಯವರಿಗೆ’, ‘ಶಿರಸಾಷ್ಟಾಂಗ ನಮಸ್ಕಾರಗಳು’ ಎಲ್ಲ ಇರಲಿ, ಅವರಿಗೆ ಅದರಲ್ಲಿ ಖುಷಿ ಇದೆ. ಒಂದೇ ರೂಮಿನಲ್ಲಿ ಮಲಗಿ ಎದ್ದ ಗೆಳತಿಗೆ ಬೇಡ. ಹಾಸ್ಟೆಲಿನಲ್ಲಿ ಏನಂತ ಕೂಗುತ್ತಿದ್ದಿರೋ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ‘ಲೇ’ ಅಂತಿದ್ದರೆ ‘ಲೇ’. ಅಡ್ಡಹೆಸರು ಇದ್ದರೆ ಇನ್ನೂ ಒಳ್ಳೆಯದು.

ಭಾಷೆಯ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ನೀವು ನನಗೆ ಪತ್ರವಿಡೀ ಶಿಷ್ಟ ಕನ್ನಡದಲ್ಲಿ ಬರೆದು, ಗೆಳತಿಯ ನೆನಪು ಬಂದ ಕೂಡಲೇ ‘ಅಕಿ’, ‘ಹಾಕ್ತಿದ್ಲು’ ಅಂದುಬಿಟ್ಟಿರಿ. ಕೈ ತಾನಾಗಿ ಹಾಗೆ ಬರೆದಿದೆ, ಅದನ್ನು ತಡೆಯಬೇಡಿ. ಕನ್ನಡ ಟೀಚರಾಗಿ ಹೀಗೆ ಬರೆಯಬಹುದೇ ಎಂಬ ಅಳುಕು ಬೇಡ. ಪುಣೆಯಲ್ಲಿ ಅವರ ಕಿವಿಗೆ ದಿನವಿಡೀ ಬೀಳುವುದು ಮರಾಠಿ, ಹಿಂದಿ. ನಮ್ಮ ಕಡೆ ಮಾತನ್ನು ಅವರೊಂದಿಗೆ ಆಡುವವರು ಅಲ್ಲಿ ಎಷ್ಟು ಜನ ಇದ್ದಾರು? ‘ಹೋಗೂದು’ ಎಂದು ಬರೆಯಬೇಕೋ ‘ಹೋಗೋದು’ ಎಂದು ಬರೆಯಬೇಕೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವರು ಕೆಂಪು ಪೆನ್ನು ಹಿಡಿದು ಕೂತಿರುವುದಿಲ್ಲ.

ನನ್ನ ಬದುಕಿನಲ್ಲಿ ಬರೆಯುವಂಥದ್ದೇನಿದೆ ಅನ್ನುತ್ತೀರಾ? ದೊಡ್ಡ ಸುದ್ದಿ ಬೇಕಾಗಿಯೇ ಇಲ್ಲ, ಅದು ಅವರಿಗೆ ನಮ್ಮಷ್ಟೇ ಬೇಗ ಗೊತ್ತಾಗಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ನೀರು ನುಗ್ಗುವ ವಿಡಿಯೋ ಪುಣೆಗೂ ಮುಟ್ಟಿರುತ್ತದೆ. ಆದರೆ ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡುವ ನಿಮ್ಮ ಕಡೆ ಆ ವಾರ ಚಹಾದಂಗಡಿಯಲ್ಲಿ ಏನು ಮಾತು ನಡೆಯಿತು? ಮಕ್ಕಳು ಕ್ಲಾಸಿನಲ್ಲಿ ಏನು ಕೇಳಿದರು? ಅದು ಯಾವ ಚಾನೆಲ್ಲಿನಲ್ಲೂ ಬಂದಿಲ್ಲ. ಬಿಸಿಲಿನ ಬಗ್ಗೆಯೂ ಅಷ್ಟೇ. ರಾಯಚೂರು ಜಿಲ್ಲೆಯ ಬಿಸಿಲು ಹೊಸ ಸುದ್ದಿ ಏನಲ್ಲ. ಆದರೆ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಟಿ.ಸಿ. ಕೇಳಲು ಬಂದ ಹಳೇ ವಿದ್ಯಾರ್ಥಿ ಆಫೀಸ್ ರೂಮಿನ ರಿಜಿಸ್ಟರ್ ಮೇಲೆಲ್ಲ ನೀರು ತೊಟ್ಟಿಕ್ಕಿಸಿದ ಅಂದರೆ, ಅದು ಪತ್ರಕ್ಕೆ ಬರಬೇಕು.

ಇನ್ನು ಪ್ರಶ್ನೆಗಳು. ‘ಹೇಗಿದ್ದೀಯ’ ಅಂದರೆ ‘ಆರಾಮ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ‘ಪುಣೆಯಾಗ ಜ್ವಾಳ ಎಲ್ಲಿ ತಗೋತಿ? ರೊಟ್ಟಿ ನೀನ ಬಡೀತಿಯೋ, ಕೊಂಡು ತರ್ತಿಯೋ?’ ಎಂದು ಕೇಳಿ. ಇದಕ್ಕೆ ಒಂದು ಪದದಲ್ಲಿ ಉತ್ತರ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಂಥದ್ದು ಒಂದೋ ಎರಡೋ ಸಾಕು. ಜಾಸ್ತಿ ಕೇಳಿದರೆ ಜನಗಣತಿಯವರು ಬಂದ ಹಾಗಾಗುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೀವು ಪ್ರಶ್ನೆ ಕೇಳಿದ್ದು ಕಾಗದ, ಭಾಷೆ, ಇಮೇಲ್ ಅಂತ. ಆದರೆ ಪೆನ್ನು ಹಿಡಿಸಿದ್ದು ಆ ‘ಓಂ ಶಾಂತಿ’. ಅದನ್ನು ಬರೆದದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಗ್ರೂಪಿನಲ್ಲಿ ಸಾವಿನ ಸುದ್ದಿ ಬಂದಾಗ ಎಲ್ಲರೂ ಮಾಡುವುದು ಅದನ್ನೇ. ಅಲ್ಲಿ ಹೆಚ್ಚಿಗೆ ಬರೆದರೆ ಅದೂ ಚೆನ್ನಾಗಿರುವುದಿಲ್ಲ, ನೂರು ಜನರ ಮುಂದೆ ಒಬ್ಬರ ದುಃಖ ಮಾತಾಡಿದ ಹಾಗೆ. ಆ ಮಾತು ಆಡಬೇಕಾದದ್ದು ಅವರೊಬ್ಬರ ಹತ್ತಿರ.

ವರ್ಷದ ಮೇಲೆ ಬರೆದರೆ ಆರಿದ ದುಃಖ ಮತ್ತೆ ಕೆದಕಿದಂತೆ ಆಗದೇ? ಈ ಅಳುಕು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಇದ್ದೇ ಇರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ತಾಯಿ ಹೋದದ್ದನ್ನು ಮಗಳು ಮರೆತಿರುವುದಿಲ್ಲ, ನೀವು ಹೊಸದಾಗಿ ನೆನಪಿಸುವಂಥದ್ದೇನಿಲ್ಲ. ದಿನಕರ್ಮ ಮುಗಿಯುವವರೆಗೆ ಮನೆ ತುಂಬ ಜನ ಇರುತ್ತಾರೆ, ಫೋನಿನ ಮೇಲೆ ಫೋನ್ ಬರುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಅವರವರ ಕೆಲಸಕ್ಕೆ ಹೋಗುತ್ತಾರೆ. ವರ್ಷ ಕಳೆಯುವ ಹೊತ್ತಿಗೆ ತಾಯಿಯ ಮಾತು ಎತ್ತುವವರೇ ಇರುವುದಿಲ್ಲ, ಎತ್ತಿದರೆ ಅತ್ತಾಳು ಅಂತ ಮನೆಯವರೂ ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ತಾಯಿಯನ್ನು ಕಣ್ಣಾರೆ ಕಂಡ ಗೆಳತಿಯೊಬ್ಬಳು ಬರೆದರೆ ಬೇಡ ಅನ್ನುವ ಮಗಳು ಇರಲಾರಳು.

‘ಭಗವಂತ ದುಃಖ ಸಹಿಸುವ ಶಕ್ತಿ ಕೊಡಲಿ’ ಬೇಡ, ಅದನ್ನು ಫ್ಲೆಕ್ಸಿನವರಿಗೆ ಬಿಡಿ. ‘ಕಾಲ ಎಲ್ಲ ಮರೆಸುತ್ತದೆ’ ಬೇಡ. ‘ವಯಸ್ಸಾಗಿತ್ತಲ್ಲ’ ಅಂತೂ ಬೇಡವೇ ಬೇಡ. ಆ ತಾಯಿಯ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. ನಿಮ್ಮ ಪತ್ರದ ಎರಡನೇ ಮಡಿಕೆಯಲ್ಲಿ ಹೇಳಿದ್ದೀರಿ: ಅವರು ಹಾಸ್ಟೆಲಿಗೆ ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡು ಗಂಟು ಕಟ್ಟಿ ತರುತ್ತಿದ್ದರು, ಒಂದು ಮಗಳಿಗೆ, ಒಂದು ನಿಮಗೆ. ಇದನ್ನು ನೀವು ಸುಮ್ನೆ ಹಾಗೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಹಂಚಿಕೊಂಡು ತಿನ್ನಿ ಎಂದು ಒಂದೇ ಗಂಟು ಕೊಡಬಹುದಿತ್ತು. ಆ ತಾಯಿ ಹಾಗೆ ಮಾಡಲಿಲ್ಲ. ಯಾವ ಬಟ್ಟೆಯಲ್ಲಿ ಕಟ್ಟುತ್ತಿದ್ದರು? ರೊಟ್ಟಿ ಒಡೆಯದ ಹಾಗೆ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬರುತ್ತಿದ್ದರೇ? ನಿಮ್ಮನ್ನು ಏನಂತ ಕರೆಯುತ್ತಿದ್ದರು? ಇವು ನಿಮಗೆ ಮಾತ್ರ ಗೊತ್ತು. ಮಗಳಿಗೂ ಗೊತ್ತಿಲ್ಲದ್ದು ಒಂದಾದರೂ ಇದ್ದೀತು, ಅವರು ಸ್ನಾನಕ್ಕೆ ಹೋದಾಗ ತಾಯಿ ನಿಮ್ಮ ಹತ್ತಿರ ಆಡಿದ ಮಾತು ಅಂಥದ್ದು. ಇದ್ದರೆ ಅದನ್ನು ಬರೆಯಿರಿ. ತಾಯಿಯ ಬಗ್ಗೆ ಹೊಸದೊಂದು ವಿಷಯ ತಿಳಿಯುವ ಅವಕಾಶ ಇನ್ನು ಮೇಲೆ ಆ ಮಗಳಿಗೆ ಹೆಚ್ಚು ಸಿಗುವುದಿಲ್ಲ.

ಹೀಗೆ ಶುರು ಮಾಡಬಹುದು ಅಂತ ನನ್ನ ಊಹೆ, ನಿಮ್ಮ ಮಾತಿಗೆ ತಕ್ಕಂತೆ ತಿದ್ದಿಕೊಳ್ಳಿ: ‘ಅವ್ವ ಹೋದಾಗ ಗ್ರೂಪಿನ್ಯಾಗ ಎರಡು ಮಾತು ಹಾಕಿ ಸುಮ್ಮನಾದೆ. ಅವತ್ತ ಬರೀಬೇಕಾಗಿದ್ದು ಇವತ್ತ ಬರಿಯಕತ್ತೀನಿ. ಅವ್ವ ತರ್ತಿದ್ದ ಎರಡನೇ ಗಂಟು ನನಗ ಭಾಳ ನೆನಪಾಗ್ತದ.’ ತಡವಾದದ್ದಕ್ಕೆ ಇಷ್ಟು ಕ್ಷಮೆ ಸಾಕು. ಅರ್ಧ ಪುಟ ಕ್ಷಮೆ ಕೇಳಿದರೆ, ತಾಯಿ ಕಳೆದುಕೊಂಡವರೇ ‘ಇರಲಿ ಬಿಡು’ ಎಂದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಮಿರ್ಚಿಯ ಮಾತು ಇದೇ ಪತ್ರದಲ್ಲಿ ಬರಬಹುದೇ? ಬರಬಹುದು, ತಾಯಿಯ ಮಾತು ಮುಗಿದ ಮೇಲೆ. ಆದರೆ ಕೈ ಓಡದಿದ್ದರೆ ಬರೆಯುವಾಗ ಮಿರ್ಚಿಯಿಂದಲೇ ಶುರು ಮಾಡಿ, ಅದು ಸಲೀಸು. ನಕಲು ತೆಗೆಯುವಾಗ ಮುಂದಿನದ್ದು ಹಿಂದೆ ಮಾಡಿಕೊಂಡರಾಯಿತು. ಪತ್ರ ಎಲ್ಲಿಂದ ಬರೆಯಲು ಹತ್ತಿದಿರಿ ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ರೊಟ್ಟಿ, ಜೋಳದ ಪ್ರಶ್ನೆಗಳನ್ನು ಮಾತ್ರ ಈ ಪತ್ರದಲ್ಲಿ ಕೇಳಬೇಡಿ, ಮುಂದಿನದ್ದಕ್ಕೆ ಇಟ್ಟುಕೊಳ್ಳಿ. ಇದರ ಕೊನೆಗೆ ‘ಉತ್ತರ ಬರೀಲೇಬೇಕಂತಿಲ್ಲ’ ಎಂದು ಒಂದು ಮಾತು ಸೇರಿಸಿ.

ಈ ಮೊದಲ ಪತ್ರ ಕಾಗದದಲ್ಲೇ ಹೋಗಲಿ ಅನ್ನುವುದು ನನ್ನ ಹಟ. ಇಮೇಲ್ ಆದರೆ ಆಫೀಸಿನಲ್ಲೋ ಸಿಟಿ ಬಸ್ಸಿನಲ್ಲೋ ಇರುವಾಗ ಫೋನ್ ಟಿಣ್ ಅನ್ನುತ್ತದೆ, ಅಲ್ಲೇ ಓದಿಬಿಡುತ್ತಾರೆ. ಕಾಗದವನ್ನು ಮನೆಗೆ ಬಂದು, ಕೆಲಸ ಮುಗಿಸಿ, ಬೇಕೆನಿಸಿದಾಗ ಒಡೆಯಬಹುದು. 50 ಪೈಸೆಯ ಕಾರ್ಡು ಇದಕ್ಕೆ ಆಗಿಬರುವುದಿಲ್ಲ, ದಾರಿಯಲ್ಲಿ ಎಲ್ಲರೂ ಓದುತ್ತಾರೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಆದೀತು, ಆದರೆ ಅದರೊಳಗೆ ಏನನ್ನೂ ಇಡುವ ಹಾಗಿಲ್ಲ. ಹಾಸ್ಟೆಲಿನ ಹಳೇ ಫೋಟೋ ಇದ್ದು ಅದನ್ನೂ ಕಳಿಸುವುದಾದರೆ ಕವರ್ ತೊಗೊಳ್ಳಿ. 20 ಗ್ರಾಂ ಒಳಗಿದ್ದರೆ ಐದು ರೂಪಾಯಿ ಸ್ಟಾಂಪ್ ಸಾಕು. ಎರಡು ಹಾಳೆ, ಒಂದು ಫೋಟೋ ಆರಾಮಾಗಿ ಹೋಗುತ್ತವೆ. ಅದಕ್ಕೂ ಜಾಸ್ತಿ ಆದರೆ ಪೋಸ್ಟಾಫೀಸಿನಲ್ಲಿ ತೂಕ ಹಾಕಿಸಿ. ಸ್ಟಾಂಪ್ ಕಡಿಮೆ ಬಿದ್ದರೆ ಪತ್ರ ಬೇರಿಂಗ್ ಆಗಿ, ಕಡಿಮೆ ಬಿದ್ದದ್ದರ ಎರಡರಷ್ಟು ದುಡ್ಡನ್ನು ಗೆಳತಿಯೇ ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ. ಒಳಗೆ ಎಂಥ ಕನ್ನಡವಾದರೂ ಇರಲಿ, ಹೊರಗಿನ ವಿಳಾಸ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರಲಿ, ಪುಣೆಯ ಪೋಸ್ಟ್‌ಮ್ಯಾನ್ ಕನ್ನಡ ಎಲ್ಲಿಂದ ಓದಬೇಕು? ಪಿನ್ ಕೋಡ್ ಬಿಡಬೇಡಿ. 1972ರಿಂದ ನಮ್ಮ ಅಂಚೆ ನಡೆಯುತ್ತಿರುವುದು ಆ ಆರು ಅಂಕಿಗಳ ಮೇಲೆ. ನಮ್ಮದು 5ರಿಂದ ಶುರು, ಪುಣೆಯದ್ದು 4ರಿಂದ.

ಇಮೇಲಿಗೆ ಎರಡನೇ ಪತ್ರದಿಂದ ಬನ್ನಿ. ಇಮೇಲ್ ಅಂದರೆ ಆಫೀಸಿನ ವ್ಯವಹಾರ ಅಂತ ನಮ್ಮಲ್ಲಿ ಆಗಿಬಿಟ್ಟಿದೆ. ‘ವಿಷಯ’ದ ಜಾಗದಲ್ಲಿ ಏನೂ ಬರೆಯದೆ ಕಳಿಸಿದರೆ ಬ್ಯಾಂಕಿನವರ, ಸೀರೆ ಅಂಗಡಿಯವರ ಮೇಲ್‌ಗಳ ನಡುವೆ ನಿಮ್ಮದು ಕಳೆದುಹೋಗುತ್ತದೆ. ಅಲ್ಲಿ ‘ಮೆಣಸಿನಕಾಯಿ ವಾಪಸ್’ ಎಂದು ಬರೆದು ನೋಡಿ, ಮೊದಲು ಅದನ್ನೇ ತೆಗೆಯುತ್ತಾರೆ. ಬ್ಯಾಚಿನ ಇಪ್ಪತ್ತು ಜನರ ವಿಳಾಸ ಸೇರಿಸಿ ಒಂದೇ ಮೇಲ್ ಕಳಿಸುವುದು ಬೇಡ, ಅದು ಸುತ್ತೋಲೆ. ಅಂದಹಾಗೆ, 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಪಕ್ಕದ ಇನ್ನೊಂದಕ್ಕೆ ಮೊದಲ ಇಮೇಲ್ ಕಳಿಸಿದಾಗ ಏನು ಬರೆದಿದ್ದರು ಅನ್ನೋದು ಅವರಿಗೇ ಮರೆತುಹೋಗಿತ್ತು. ತಮಗೆ ತಾವೇ ಕಳಿಸಿಕೊಂಡದ್ದಲ್ವಾ, ನೆನಪಿಡುವಂಥದ್ದೇನಿತ್ತು?

ಟೈಪಿಂಗಿನ ತೊಂದರೆ ಒಂದಿದೆ, ನಾವು ದಿನಾ ನೋಡುವಂಥದ್ದು. ಶಾಲೆಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಅದನ್ನೇ ಮೇಲ್‌ಗೆ ಅಂಟಿಸಿದರೆ, ಗೆಳತಿಯ ಫೋನಿನಲ್ಲಿ ‘ನಾನು’ ಅನ್ನುವುದು ಪೌಂಡ್ ಗುರುತು, ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ ಹೀಗೆ ಏನೇನೋ ಆಗಿ ಕಾಣುತ್ತದೆ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದೇ ಇಲ್ಲ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿ ಟೈಪ್ ಮಾಡಿ. ಇಲ್ಲವಾದರೆ ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಿರಿ. ಮೈಕ್ ಒತ್ತಿ ಮಾತಾಡಿದರೂ ಅದು ಬರೆದುಕೊಳ್ಳುತ್ತದೆ. ಆದರೆ ನಮ್ಮ ಕಡೆ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ಕಳಿಸುವ ಮೊದಲು ಒಮ್ಮೆ ಓದಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಎರಡು ಸಾಲಿಗೆ ಸರಿ, ಎರಡು ಪುಟ ಓದುವವರ ಕಣ್ಣಿಗೆ ಶಿಕ್ಷೆ.

ಉತ್ತರ ಬರದಿದ್ದರೆ? ಸಾದಾ ಅಂಚೆಯಲ್ಲಿ ಹೋದ ಪತ್ರ ಎಲ್ಲಿದೆ ಎಂದು ತಿಳಿಯುವ ದಾರಿ ಇಲ್ಲ. ಡಬ್ಬಿಗೆ ಹಾಕುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಕಳೆದುಹೋದರೆ ಮತ್ತೆ ಬರೆಯುವ ಕಷ್ಟ ತಪ್ಪುತ್ತದೆ. ಮರುದಿನವೇ ‘ಪತ್ರ ಸಿಕ್ತಾ?’ ಎಂದು ವಾಟ್ಸಾಪ್ ಮಾಡಬೇಡಿ. ತಿಂಗಳಾದರೂ ಸುದ್ದಿ ಇಲ್ಲ ಅಂದರೆ ಕೇಳಿ, ಕೇಳುವುದು ತಪ್ಪಲ್ಲ. ಸಿಕ್ಕಿದೆ ಎಂದು ಒಂದೇ ಮಾತು ಹೇಳಿ ಸುಮ್ಮನಾದರೆ ನೀವೂ ಬಿಡಿ. ಉತ್ತರ ಬೇಕಿಲ್ಲ ಎಂದು ಬರೆದವರು ನೀವೇ ತಾನೇ? ಹಬ್ಬದ ಹೊತ್ತಿಗೆ ಎರಡನೆಯದನ್ನು ಕಳಿಸಿ, ಮೊದಲಿನದ್ದರ ಲೆಕ್ಕ ಕೇಳದೆ. ಜೋಳದ ಪ್ರಶ್ನೆ ಅದರಲ್ಲಿ ಇರಲಿ.

- ಸಂಪಾದಕ